ಹನೂರಿನ ಮನೆಗೆ ಹೊಣೆಗಾರರು ಯಾರು?

ಮೈಸೂರಿನಿಂದ ಎಂ.ಎ. ಪದವಿಯನ್ನೂ, ಈ ದೇಶದ ಪ್ರತಿಯೊಂದು ಅವ್ಯವಸ್ಥೆಗೂ ಒಬ್ಬ ಹೊಣೆಗಾರನನ್ನು ಹಿಡಿದು ನಿಲ್ಲಿಸುವ ಹವ್ಯಾಸವನ್ನೂ ಹೊತ್ತು ಮರಳಿದ ನನ್ನಂಥವನಿಗೆ ಒಂದು ಬಾಡಿಗೆ ಮನೆ ಗೊತ್ತುಮಾಡುವುದು ಯಾವ ಮಹಾಕಾರ್ಯ!

ಮನೆ ಬೇಕಾಗಿದ್ದುದು ನನ್ನ ಭಾವನಿಗೆ. ಮದ್ರಾಸ್ ಲೈನಿನ ಲಾರಿ ಓಡಿಸುತ್ತಿದ್ದ ಅವರು ಅಕ್ಕನ ಒತ್ತಾಯಕ್ಕೆ ಅದನ್ನು ಬಿಟ್ಟು, ಕೊಳ್ಳೇಗಾಲದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಆದರೆ ರಸ್ತೆಯಲ್ಲಿ ಯಾವ ಲಾರಿಯ ಸದ್ದು ಕೇಳಿದರೂ ಗಿರಣಿಯನ್ನು ಅದರ ಪಾಡಿಗೆ ಬಿಟ್ಟು ಹೊರಗೆ ಓಡಿ, "ಗೇರ್ ಬಾಕ್ಸ್ ಓಗ್ಬುಟ್ಟದೆ ಕಣಯ್ಯೋ!" ಎಂದು ಕೂಗುತ್ತಿದ್ದರು. ಅವರು ಮರಳುವಷ್ಟರಲ್ಲಿ ಒಬ್ಬರ ರಾಗಿಗೆ ಇನ್ನೊಬ್ಬರ ಮೆಣಸಿನಕಾಯಿ ಬೆರೆತಿರುತ್ತಿತ್ತು. ಕೊನೆಗೆ ಬೀದಿಯ ಹೆಂಗಸರೇ ಅಕ್ಕನ ಬಳಿಗೆ ನಿಯೋಗವಾಗಿ ಬಂದರು.

"ನಿನ್ ಗಂಡನ್ನ ಲಾರಿಗೇ ಕಳ್ಸವ್ವ ತಾಯಿ, ನಮ್ ಮುದ್ದೆ ಉಳೀಲಿ!"

ಅಕ್ಕ ಒಪ್ಪಿದಳು. ಆದರೆ ಒಂದು ಷರತ್ತು. "ವಾರಗಟ್ಲೆ ಗೋಡೆ ನೋಡ್ಕಂಡು ಕೂರಕ್ಕೆ ನನ್ ಕೈಲಾಗದಿಲ್ಲ. ಬೇರೆ ಮನೆ ಮಾಡಿ. ಮೊದಲ್ನೇ ಟ್ರಿಪ್ಪು ಮುಗಿಯಗಂಟ ನೋಡ್ತೀನಿ. ಮನೆ ಇಡಿಸ್ನಿಲ್ಲ ಅಂದ್ರೆ ಮತ್ತೆ ಗಿರಣಿಯೇ!"

ಭಾವ ನನ್ನ ಎರಡೂ ಕೈ ಹಿಡಿದುಕೊಂಡರು. "ಎಂ.ಎ. ಸ್ವಾಮೇರೇ, ನನ್ ಸ್ಟೇರಿಂಗು ಇನ್ನು ನಿಮ್ ಕೈಲದೆ."

ಭಾವ ಲೈನಿನ ಮೇಲಿರುವಾಗ ಅಕ್ಕನ ಜೊತೆಗಿರಬೇಕಾದವನು ನಾನೇ. ಹೀಗಾಗಿ ನಾನು ಏಕಸದಸ್ಯ ಆಯೋಗವೊಂದನ್ನು ರಚಿಸಿ, ಅದರ ಅಧ್ಯಕ್ಷನಾಗಿ ನನ್ನನ್ನೇ ಅವಿರೋಧವಾಗಿ ಆಯ್ಕೆ ಮಾಡಿಕೊಂಡೆ. ಕೊಳ್ಳೇಗಾಲ ತಿರಸ್ಕೃತವಾಯಿತು, ಹಾರನ್ನುಗಳ ನಡುವೆ ಗಂಭೀರ ಸಾಹಿತ್ಯ ಹುಟ್ಟದು. ಯಳಂದೂರೂ ತಿರಸ್ಕೃತವಾಯಿತು; ಅಲ್ಲಿ ಅಕ್ಕನ ಅತ್ತೆಯ ಆಡಳಿತವಿದ್ದು, ಪ್ರಜಾಪ್ರಭುತ್ವಕ್ಕೆ ಅವಕಾಶವಿರಲಿಲ್ಲ. ಉಳಿದದ್ದು ಹನೂರು. ಭಾವನ ಲಾರಿ ಹೋಗುವ ಹಾದಿಯೇ ಅದು.

ಹನೂರಿನ ಹೊರಗೆ, ಬೆಟ್ಟದ ರಸ್ತೆಯ ಪಕ್ಕದಲ್ಲಿ ಸಿಕ್ಕಿತು ನೋಡಿ ಮನೆ! ನಲವತ್ತು ಜನ ಕೂರಬಹುದಾದ ಜಗಲಿ. ಅಂಗಳದಲ್ಲಿ ಸಾಲಾಗಿ ಕಲ್ಲಿನ ಒಲೆಗಳು. ಸಿಹಿನೀರಿನ ಬಾವಿ, ಪಕ್ಕದಲ್ಲೊಂದು ಭಾರೀ ಕಲ್ಲುತೊಟ್ಟಿ. ತೊಟ್ಟಿ ಲಾರಿ ತೊಳೆಯಲಿಕ್ಕೆ, ಒಲೆ ಬಟ್ಟೆ ಕುದಿಸಲಿಕ್ಕೆ, ಜಗಲಿ ನನ್ನ ಚಿಂತನೆಗೆ ಎಂದು ಆಯೋಗ ತೀರ್ಮಾನಿಸಿತು. ಯಾರಿಗಾಗಿ ಇಷ್ಟು ದೊಡ್ಡದನ್ನು ಕಟ್ಟಿದರು ಎಂಬ ಪ್ರಶ್ನೆ ಆಯೋಗಕ್ಕೆ ಹೊಳೆಯಲೇ ಇಲ್ಲ!

ಮನೆಯೊಡತಿ ಪುಟ್ಟಮಾದಮ್ಮ ಎಂಬ ಅಜ್ಜಿ. ಆಕೆ ಕೇಳಿದ್ದು ಒಂದೇ ಮಾತು. "ಜನ ಬಂದ್ರೆ ಬ್ಯಾಸರ ಇಲ್ವಾ ಮಗ?"

ನಾನು ಎದೆಯುಬ್ಬಿಸಿದೆ. "ಅಜ್ಜೀ, ಜನತೆಗಾಗಿಯೇ ನನ್ನ ಬದುಕು!"

"ಅಂಗಾರೆ ನೀನೇ ಸರಿ ಕಣಪ್ಪ," ಎಂದು ಬೀಗದ ಕೈ ಕೊಟ್ಟೇಬಿಟ್ಟಳು.

ಭಾವ ಲೋಡು ಹಾಕಿಕೊಂಡು ಮದ್ರಾಸಿಗೆ ಹೊರಟರು. ನಾನು ಮುಂದಿನ ಕೋಣೆಯಲ್ಲಿ ಕುಳಿತು 'ಹೊಣೆಗಾರರು ಯಾರು?' ಎಂಬ ಪ್ರಖರ ಲೇಖನವನ್ನು ಆರಂಭಿಸಿದೆ. ಮನೆ ನಿಶ್ಶಬ್ದವಾಗಿತ್ತು. ನನಗೆ ಸ್ವರ್ಗ. ಅಕ್ಕ ಮಾತ್ರ ದಿನವೂ ಗೋಡೆ ನೋಡಿ, ನನ್ನನ್ನು ನೋಡಿ, "ಗೋಡೆಯೇ ವಾಸಿ," ಎನ್ನತೊಡಗಿದಳು. ಗಿರಣಿಯ ಸದ್ದು ನನ್ನ ಕಿವಿಗೆ ಹತ್ತಿರವಾಗುತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಬಾಗಿಲು ತೆರೆದೆ. ಜಗಲಿಯ ಮೇಲೆ ಜನತೆ! ಅಂಗಳದಲ್ಲಿ ಜನತೆ! ಅಮಾವಾಸ್ಯೆಯ ಪೂಜೆಗೆ ಬೆಟ್ಟಕ್ಕೆ ನಡೆದು ಹೊರಟ ಮಾದಪ್ಪನ ಭಕ್ತರ ಒಕ್ಕಲು, ಗಂಟುಮೂಟೆ ಇಳಿಸಿ ಒಲೆ ಹೊತ್ತಿಸುತ್ತಿತ್ತು. ನಾಲ್ಕು ಮುದುಕಿಯರು ನನ್ನ ಕೋಣೆಯಲ್ಲಿ ಕಾಲು ನೀಡಿಕೊಂಡಿದ್ದರು.

ನಾನು ಜಗಲಿಯ ತುದಿಯಲ್ಲಿ ನಿಂತು ಭಾಷಣ ಆರಂಭಿಸಿದೆ. "ಮಹನೀಯರೇ! ಇದು ಖಾಸಗಿ ವಾಸದ ಗೃಹ. ನಾಗರಿಕ ಹಕ್ಕುಗಳ ದೃಷ್ಟಿಯಿಂದ..."

ಒಬ್ಬ ಅಜ್ಜಿ ನನ್ನ ಕೈಗೆ ಬಿಂದಿಗೆ ಕೊಟ್ಟಳು. "ಮಾತಾಡಪ್ಪ, ಯಾರ್ ಬ್ಯಾಡ ಅಂದರು? ಅಂಗೇ ನೀರೂ ಸೇದು. ತೊಟ್ಟಿ ಬರಿದಾಗ್ಬುಟ್ಟದೆ."

ಸೇದಿದೆ! ತೊಟ್ಟಿ ತುಂಬಲಿಲ್ಲ, ತುಂಬುವ ಮೊದಲೇ ಇನ್ನೊಂದು ತಂಡ ಬರುತ್ತಿತ್ತು. ಕೈಬೊಬ್ಬೆಗಳೊಡನೆ ಕೋಣೆಗೆ ಓಡಿ ನೋಡಿದರೆ ಲೇಖನವಿಲ್ಲ. ಒಲೆ ಹಚ್ಚಲು ಕಾಗದ ಬೇಕೆಂದು ಯಾರೋ ಒಯ್ದಿದ್ದರು. ನಾಡಿಗೇ ಕಿಚ್ಚು ಹಚ್ಚಬೇಕಾಗಿದ್ದ ಬರಹ ಹುರುಳಿ ಬೇಯಿಸಿತು!

ಆಗ ಪುಟ್ಟಮಾದಮ್ಮ ಬಂದಳು. ನಾನು ಗುಡುಗಿದೆ. "ಇದಕ್ಕೆಲ್ಲ ಹೊಣೆಗಾರರು ಯಾರು?"

"ನೀನೇ ಕಣ್ ಮಗ!" ಎಂದಳು ಪ್ರೀತಿಯಿಂದ. "ನಮ್ ಮಾವನ ಕಾಲದಿಂದ ಈ ಮನೇಲಿ ಇದ್ದೋರು ನಡ್ಕಂಡು ಓಗೋರ್ಗೆ ನೀರು ನೆಳ್ಳು ಕೊಡಬೇಕು. ಎಲ್ಲಾರೂ ಆಗದಿಲ್ಲ ಅಂತ ಬಿಟ್ಟೋದ್ರು. ನೀನೊಬ್ಬನೇಯ ಜನಕ್ಕೋಸ್ಕರ ಬದುಕೀನಿ ಅಂದೋನು." ಆಮೇಲೆ ಅಂಗಳದ ಕಡೆ ತಿರುಗಿ, "ಇವನೇ ಕಣ್ರವ್ವ ಆ ಮಗ!" ಎಂದು ಕೂಗಿದಳು. ಅಂಗಳವೆಲ್ಲ ಉಘೇ ಎಂದಿತು.

ಇದೇ ಹೊತ್ತಿಗೆ ಭಾವನ ಲಾರಿ ತಿರುವಿನಲ್ಲಿ ಕಾಣಿಸಿತು. ತನ್ನ ಮನೆಯ ಮುಂದೆ ಅಷ್ಟೊಂದು ಜನ ಸೇರಿದ್ದನ್ನು ಕಂಡ ಮನುಷ್ಯ ಏನೆಂದುಕೊಳ್ಳಬೇಕು? ಲಾರಿಯನ್ನು ರಸ್ತೆಯಲ್ಲೇ ಬಿಟ್ಟು, "ನಾಗೂ! ಅಯ್ಯೋ ನಾಗೂ!" ಎಂದು ಅಳುತ್ತ ಓಡಿಬಂದರು. ಹಿಂದಿದ್ದವರೊಬ್ಬರು ಏನೂ ತಿಳಿಯದೆ ತಾವೂ ಅಳತೊಡಗಿದರು.

ಅವರ ನಾಗೂ, ಅಂದರೆ ನನ್ನ ಅಕ್ಕ, ಅಂಗಳದ ನಡುವೆ ಕುಳಿತು, ಹತ್ತು ಊರಿನ ಹೆಂಗಸರ ಜೊತೆ ಅತ್ತೆಯಂದಿರ ಬಗ್ಗೆ ಅಭಿಪ್ರಾಯ ವಿನಿಮಯ ಮಾಡುತ್ತ, ಮುದ್ದೆ ಕಟ್ಟುತ್ತಿದ್ದಳು. ಅಷ್ಟು ನಕ್ಕಿದ್ದನ್ನು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ.

"ಬಂದ್ರಾ? ಕೈಕಾಲ್ ತೊಳ್ಕಳಿ," ಎಂದಳು. "ಲಾರಿ ಓಡ್ಸ್ಕಳಿ. ಈ ಮನೆ ಬುಟ್ಟು ನಾನು ಎಲ್ಲಿಗೂ ಬರದಿಲ್ಲ."

ಭಾವ ಕಣ್ಣೊರೆಸಿಕೊಂಡು ನನ್ನನ್ನು ಅಪ್ಪಿಕೊಂಡರು. ಸಮಯ ಸಾಧಿಸಿ, ನಾನು ಯಳಂದೂರಿಗೆ ಹೋಗಿ ಅಕ್ಕನ ಅತ್ತೆಯ ಆಡಳಿತದಲ್ಲೇ ಲೇಖನವನ್ನು ಮತ್ತೆ ಬರೆಯುವೆನೆಂದು ವಿನಯದಿಂದ ನಿವೇದಿಸಿದೆ.

"ಆಗದಿಲ್ಲ!" ಎಂದಳು ಅಕ್ಕ. "ನೀನು ಒಂಟೋದ್ರೆ ನೀರ್ ಸೇದೋರು ಯಾರ್ಲಾ? ನೀನು ಒಂಟೋದ ದಿನ ಇವರು ಗಿರಣಿಗೆ!"

ಭಾವ ಅಪ್ಪುಗೆಯನ್ನು ಸಡಿಲಿಸಲಿಲ್ಲ, ಬಿಗಿಗೊಳಿಸಿದರು!

ಹೀಗೆ, ಮದ್ರಾಸ್ ಲೈನಿನ ಆ ಲಾರಿ ಡೀಸೆಲ್ಲಿನಿಂದ ಓಡುತ್ತಿದೆಯೆಂದು ಲೋಕ ನಂಬಿದೆ. ಅದು ನನ್ನ ಬಿಂದಿಗೆಯಿಂದ ಓಡುತ್ತಿದೆ. ಸುಟ್ಟುಹೋದ ಲೇಖನವನ್ನು ನಾನು ಮತ್ತೆ ಬರೆಯಲಿಲ್ಲ. ಹೊಣೆಗಾರರು ಯಾರೆಂದು ತಿಳಿಯಬಯಸುವ ಓದುಗರು ಅಮಾವಾಸ್ಯೆಯ ಹಿಂದಿನ ದಿನ ಹನೂರಿಗೆ ಬಂದು ನೋಡಬಹುದು. ಆತ ಬಾವಿಯ ಬಳಿ ಹಗ್ಗ ಎಳೆಯುತ್ತಿರುತ್ತಾನೆ!