ಹಳೆಯದು ಎಲ್ಲಿ?

ನನ್ನ ಅತ್ತೆ ಈ ಭೂಮಿಯ ಮೇಲೆ ಯಾರನ್ನೂ ನಂಬುವುದಿಲ್ಲ. ದೇವರನ್ನು ನಂಬುತ್ತಾರೆ, ಸರಿ. ಆದರೆ ಅರ್ಚಕರು ಮಂಗಳಾರತಿ ತಂದಾಗ, ಕಣ್ಣಿಗೆ ಒತ್ತಿಕೊಳ್ಳುವ ಮೊದಲು ಬತ್ತಿ ಇವತ್ತಿನದೋ ನಿನ್ನೆಯದೋ ಎಂದು ಬಗ್ಗಿ ನೋಡುತ್ತಾರೆ! ಅರ್ಚಕರೂ ಹೊರಗಿನವರೇನಲ್ಲ, ನಮ್ಮ ಸಂಬಂಧಿಕರೇ. "ಹೊಸದೇ ಅಕ್ಕ, ಹೊಸದೇ" ಎಂದು ಪಾಪ, ಮಂತ್ರದ ನಡುವೆ ಇದನ್ನೂ ಸೇರಿಸಿಕೊಂಡಿದ್ದಾರೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ವಯಸ್ಸು ಅರವತ್ತೆಂಟು. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಬಂದವರೆಲ್ಲ ಬರೀ ಉತ್ತರ ಹೇಳಿದರು ಮಾರಾಯ್ತಿ. ಕ್ರಮ ತೋರಿಸಿದವ ಒಬ್ಬನೂ ಇಲ್ಲ" ಎಂದರು. ಕಾಪುವಿನಲ್ಲಿ ಅಪ್ಪ ಅಮ್ಮನ ಮನೆಗೆ ತಾಗಿಕೊಂಡೇ ಅವರ ಮನೆ. ನಡುವೆ ಒಂದು ಬಾಗಿಲು ಉಂಟು. ಆ ಬಾಗಿಲಿಗೆ ಚಿಲಕ ಹಾಕಿದೆಯೋ ಇಲ್ಲವೋ ಎಂದು ಅವರು ಎರಡೂ ಕಡೆಯಿಂದ ನೋಡುತ್ತಾರೆ.

ಅವರ ಬದುಕಿನ ದೊಡ್ಡ ಪ್ರಶ್ನೆ ಒಂದೇ: "ಹಳೆಯದು ಎಲ್ಲಿ?"

ನಲ್ಲಿಯವನು ಬಂದು ವಾಷರ್ ಬದಲಿಸಿದರೆ, ಹಳೆಯದು ಎಲ್ಲಿ? ಮಿಕ್ಸಿಯವನು ಬ್ರಷ್ ಹಾಕಿದರೆ, ಹಳೆಯದು ಎಲ್ಲಿ? ಹಳೆಯದನ್ನು ಕಣ್ಣಾರೆ ಕಂಡರೆ ಮಾತ್ರ ಹೊಸದು ಒಳಗೆ ಹೋಗಿದೆ ಎಂದು ಅರ್ಥ. ಹಲ್ಲು ಕೀಳಿಸಿಕೊಂಡಾಗ ಬಾಯಿ ತುಂಬ ಹತ್ತಿ ಇತ್ತು, ಮಾತಾಡುವ ಹಾಗಿರಲಿಲ್ಲ. ಡಾಕ್ಟರರ ಎದುರು ಕೈ ಚಾಚಿ ಕೂತರು. ಡಾಕ್ಟರು ಏನೆಂದುಕೊಂಡರೋ, ಕೈ ಕುಲುಕಿದರು! ಪಿತ್ತಕೋಶದ ಆಪರೇಷನ್ ಆದಾಗಲಂತೂ, ಪ್ರಜ್ಞೆ ಬಂದು ಕಣ್ಣು ಬಿಟ್ಟವರು ನನ್ನನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ನರ್ಸಿನ ಕಡೆ ತಿರುಗಿ, "ಹಳೆಯದು ಎಲ್ಲಿ?" ಎಂದರು. ಆ ಹುಡುಗಿ ಕೇರಳದವಳು. ಗಾಬರಿಯಾಗಿ ಹಳೆಯ ದಿಂಬನ್ನು ತಂದುಕೊಟ್ಟಳು.

ಹೀಗೆ ಸಿಕ್ಕಿದ ಹಳೆಯದೆಲ್ಲ ಅವರ ಮನೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ಉಂಟು. ಪ್ರತಿಯೊಂದರ ಮೇಲೂ ಗುಂಡು ಅಕ್ಷರದಲ್ಲಿ ಚೀಟಿ. 'ಬ್ರೇಕ್ ಪ್ಯಾಡ್, ಎಡ, ಮುಂದೆ.' 'ವೈಪರ್, ಬಲ.' 'ಹಲ್ಲು, ಎಡ, ಕೆಳಗೆ.' ಅಮ್ಮ ಹೇಳುವುದುಂಟು: "ಈ ಮನೆಗೆ ಕಳ್ಳ ಬಂದರೆ ಪಾಪ, ಒಂದು ಕಾರು ಜೋಡಿಸಿಕೊಂಡು ಅದರಲ್ಲೇ ಹೋಗಬೇಕು."

ಕಾರು! ಹೌದು, ಕಾರಿನ ವಿಷಯಕ್ಕೆ ಬರುತ್ತೇನೆ. ಹದಿನಾಲ್ಕು ವರ್ಷದ ಹಳೆಯ ಡೀಸೆಲ್ ಕಾರು. ಎರಡು ವರ್ಷದ ಹಿಂದೆ ಅಪ್ಪನ ಕಿಡ್ನಿ ಕೈಕೊಟ್ಟ ಮೇಲೆ ಆ ಕಾರಿಗೆ ಉದ್ಯೋಗ ಸಿಕ್ಕಿತು. ವಾರಕ್ಕೆ ಮೂರು ಬೆಳಿಗ್ಗೆ ಕಾಪುವಿನಿಂದ ಮಣಿಪಾಲದ ಆಸ್ಪತ್ರೆಗೆ, ಡಯಾಲಿಸಿಸ್ಸಿಗೆ. ಅಮ್ಮನಿಗೆ ಮಂಡಿನೋವು. ನನಗೆ ಮಣಿಪಾಲದಲ್ಲೇ ಕಾಲೇಜಿನ ಆಫೀಸಿನಲ್ಲಿ ಕೆಲಸ, ವಾಸವೂ ಅಲ್ಲೇ. ಅಣ್ಣ ಇರುವುದು ಕಾರ್ಕಳದಲ್ಲಿ. ಹಾಗಾಗಿ ಸಾರಥ್ಯ ಅತ್ತೆಯದು.

ಅಣ್ಣನಿಗೆ ಇದು ಸುತರಾಂ ಇಷ್ಟವಿಲ್ಲ. ಈ ವಯಸ್ಸಿನಲ್ಲಿ ಹೆದ್ದಾರಿಯಲ್ಲಿ ಡ್ರೈವಿಂಗ್ ಯಾಕೆ, ಗೊತ್ತಿರುವ ಟ್ಯಾಕ್ಸಿ ಮಾಡಿಸುತ್ತೇನೆ ಎಂದು ಅವನು. ಟ್ಯಾಕ್ಸಿಯವನು ಬ್ರೇಕ್ ಯಾವಾಗ ನೋಡಿಸಿದ್ದಾನೆ ಎಂದು ನಿನಗೆ ಗೊತ್ತುಂಟಾ ಎಂದು ಇವರು. ಕೊನೆಗೆ ಒಂದು ಒಪ್ಪಂದವಾಯಿತು. "ಒಂದು ದಿನ, ಒಂದೇ ಒಂದು ದಿನ ಅಪ್ಪನನ್ನು ದಾರಿಯಲ್ಲಿ ನಿಲ್ಲಿಸಿದಿರಾದರೆ ಅತ್ತೆ, ಕೀ ನನ್ನ ಕೈಗೆ" ಎಂದ ಅಣ್ಣ. "ಆಯಿತು" ಎಂದರು ಅತ್ತೆ.

ಅಂದಿನಿಂದ ಶುರುವಾಯಿತು ನೋಡಿ, ಅವರ ಚಡಪಡಿಕೆ! ಏಳಕ್ಕೆ ಹೊರಡಬೇಕಾದರೆ ಆರಕ್ಕೇ ಹೊರಡುತ್ತಾರೆ. ಉದ್ಯಾವರದವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನೋಡಲು ವಾಪಸ್ಸು ಬರುವ ಹೊತ್ತೂ ಅದರಲ್ಲಿ ಸೇರಿದೆ. ದಾರಿಯಲ್ಲಿ ರೇಡಿಯೋ ಇಲ್ಲ, ಹರಟೆ ಇಲ್ಲ. ಎಂಜಿನ್ನಿನ ಶಬ್ದ ಕೇಳುತ್ತಿರಬೇಕು. ಒಂದು ದಿನ "ಶ್! ಕಟಕಟ ಅಂತ ಉಂಟು!" ಎಂದು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದರು. ಶಬ್ದ ನಿಂತಿತು. ಹೊರಟರು, ಮತ್ತೆ ಕಟಕಟ. ಮೂರನೆಯ ಸಲಕ್ಕೆ ಪತ್ತೆಯಾಯಿತು. ಉಪ್ಪು ತಿನ್ನಲೇಬಾರದು ಎಂದು ಡಾಕ್ಟರು ಹೇಳಿದ್ದ ಅಪ್ಪ ಹಿಂದಿನ ಸೀಟಿನಲ್ಲಿ ಕದ್ದು ಚಕ್ಕುಲಿ ತಿನ್ನುತ್ತಿದ್ದರು!

ಕಾರಿನ ವೈದ್ಯರು ಆದಿ ಉಡುಪಿಯ ಈರಣ್ಣ. ಗದಗದ ಕಡೆಯವರು. ಇಲ್ಲಿಗೆ ಬಂದ ಮೇಲೆ ತುಳು ಕಲಿತರು, ಕನ್ನಡ ಮಾತ್ರ ತಮ್ಮ ಊರಿನದನ್ನೇ ಇಟ್ಟುಕೊಂಡಿದ್ದಾರೆ. ಟೈಮಿಂಗ್ ಬೆಲ್ಟ್ ಎಂಬ ಹೆದರಿಕೆಯನ್ನು ಅತ್ತೆಯ ತಲೆಗೆ ಹಾಕಿದವರು ಅವರೇ. ಎಂಜಿನ್ನಿನ ಒಳಗೆ ಹಲ್ಲಿರುವ ಒಂದು ರಬ್ಬರ್ ಪಟ್ಟಿ. ಮೇಲಿನ ಚಕ್ರ, ಕೆಳಗಿನ ಚಕ್ರ ಎರಡನ್ನೂ ಒಂದೇ ತಾಳಕ್ಕೆ ತಿರುಗಿಸುವುದು ಅದರ ಕೆಲಸ. ಅದು ಹರಿದರೆ ತಾಳ ತಪ್ಪಿ ಒಳಗಿನ ಭಾಗಗಳು ಒಂದಕ್ಕೊಂದು ಗುದ್ದಿಕೊಂಡು ಎಂಜಿನ್ನೇ ಹಾಳು.

"ಕೆಲವು ಗಾಡಿಗೆ ಚೈನ್ ಇರತೈತ್ರಿ ಟೀಚರಮ್ಮಾರ. ಅದು ಹಾಳಾಗೂ ಮೊದಲ ಗಲಗಲ ಅಂತ ಹೇಳತೈತಿ. ನಿಮ್ಮ ಗಾಡೀದು ಬೆಲ್ಟ್. ಅದು ಏನೂ ಹೇಳಂಗಿಲ್ಲ. ಒಂದಿನ ಫಟ್!" ಎಂದಿದ್ದರು.

ಅತ್ತೆ ನನ್ನ ಕಡೆ ತಿರುಗಿ, "ನಿನ್ನ ಅಪ್ಪನ ಹಾಗೆ" ಎಂದರು.

ನಾನು ನಗಲಿಲ್ಲ. ಅಪ್ಪನೂ ಹಾಗೇ. ಕಾಲು ಊದಿದ್ದನ್ನು ಆರು ತಿಂಗಳು ಪಂಚೆಯ ಕೆಳಗೆ ಮುಚ್ಚಿಟ್ಟುಕೊಂಡಿದ್ದರು.

ಸರಿ, ಬೆಲ್ಟಿಗೆ ವಯಸ್ಸಾಗಿರಬೇಕು, ಬಿಚ್ಚಿ ನೋಡಿ, ಅಗತ್ಯವಿದ್ದರೆ ಅತ್ತೆಯನ್ನು ಕೇಳಿ ಬದಲಿಸುವುದು ಎಂದು ತೀರ್ಮಾನವಾಗಿ ಕಾರು ಗ್ಯಾರೇಜಿಗೆ ಹೋಯಿತು. ಫೋನ್ ನಂಬರ್ ಕೊಟ್ಟದ್ದು ನನ್ನದು. ಅವತ್ತು ಅತ್ತೆಗೆ ಶಾಲೆಯ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಪೂಜೆ, ಮತ್ತು ಕಾರನ್ನು ಸಂಜೆ ಮನೆಗೆ ತಲುಪಿಸುವ ಜವಾಬ್ದಾರಿಯನ್ನು ನಾನು ದೊಡ್ಡ ಮನಸ್ಸಿನಿಂದ ವಹಿಸಿಕೊಂಡಿದ್ದೆ. ಆಫೀಸಿನಲ್ಲಿ ಪ್ರವೇಶದ ಗಡಿಬಿಡಿ. ಎದುರಿಗೆ ನಾಲ್ಕು ರಾಜ್ಯದ ತಂದೆತಾಯಂದಿರು. ಆಗ ಈರಣ್ಣನ ಫೋನು.

"ಮೇಡಮ್ಮಾರ, ಎಣ್ಣಿ ಬದ್ಲಿ ಮಾಡೀನ್ರಿ. ಫಿಲ್ಟರ್ ಹಾಕೀನ್ರಿ. ಟೈಮಿಂಗ್ ಬೆಲ್ಟ್ ಆಗೇತ್ರಿ. ಟೀಚರಮ್ಮಾರಿಗೆ ಹೇಳಿಬಿಡ್ರಿ."

"ಆಯಿತು" ಎಂದು ಫೋನಿಟ್ಟೆ.

ಸಂಜೆ ಹೋದಾಗ ಈರಣ್ಣ ಎಲ್ಲೋ ಕೆಟ್ಟು ನಿಂತ ಲಾರಿ ನೋಡಲು ಹೋಗಿದ್ದರು. ಕೀ, ಲೆಕ್ಕದ ಚೀಟಿ ಎರಡೂ ಮೇಜಿನ ಮೇಲಿದ್ದವು. ಚೀಟಿ ಓದುವಷ್ಟು ವ್ಯವಧಾನ ಯಾರಿಗುಂಟು? ಮಡಚಿ ಬ್ಯಾಗಿಗೆ ಹಾಕಿಕೊಂಡು ಕಾಪುವಿಗೆ ಬಂದೆ. "ಎಲ್ಲ ಆಯಿತಂತೆ ಅತ್ತೆ. ಬೆಲ್ಟೂ ಆಯಿತಂತೆ" ಎಂದೆ. ಅತ್ತೆ ತಮ್ಮ ಕಾರಿನ ಪುಸ್ತಕದಲ್ಲಿ ಬರೆದುಕೊಂಡು ಮುಚ್ಚಿದರು. ನಾನು ಕಾಫಿ ಕುಡಿದು ಬಸ್ಸು ಹತ್ತಿದೆ.

ಮೂರು ವಾರ ಕಳೆಯಿತು. ಒಂದು ಶನಿವಾರ ನಾನೂ ಅವರ ಜೊತೆ ಹೊರಟಿದ್ದೆ. ಉದ್ಯಾವರ ಇನ್ನೇನು ಬಂತು ಎನ್ನುವಾಗ ಕಾರು ಕೆಮ್ಮಲಿಲ್ಲ, ನಡುಗಲಿಲ್ಲ, ಸುಮ್ಮನೆ ಸತ್ತುಹೋಯಿತು. ಅತ್ತೆ ಹೇಗೋ ಅಂಚಿಗೆ ತಂದು ನಿಲ್ಲಿಸಿದರು. ಕೀ ತಿರುಗಿಸಿದರೆ ಎಂಜಿನ್ ಹಿಡಿಯದೆ ಗಿರಗಿರ ಎಂದಿತು.

"ಪೆಟ್ರೋಲ್ ಮುಗಿದಿರಬೇಕು ಅಕ್ಕ" ಎಂದರು ಅಪ್ಪ.

"ಇದು ಡೀಸೆಲ್ ಕಾರು! ಹದಿನಾಲ್ಕು ವರ್ಷದಿಂದ ಕೂತುಕೊಳ್ಳುತ್ತಿದ್ದಿ!"

ಬೈಯುತ್ತಲೇ ಇಳಿದು ಬಂದು ಅಪ್ಪನ ಕಡೆಯ ಬಾಗಿಲು ತೆರೆದರು. ನಾನು ಅಪ್ಪನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮಣಿಪಾಲಕ್ಕೆ ಓಡಿದೆ. ಈರಣ್ಣ ಬರುವವರೆಗೆ ಕಾಯಲು ಅತ್ತೆ ಕಾರಿನ ಬಳಿಯೇ ಉಳಿದರು. ಅಪ್ಪನ ಸರದಿ ತಪ್ಪಿತ್ತು. ಮತ್ತೊಂದು ಯಂತ್ರ ಖಾಲಿಯಾಗುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಅಪ್ಪನ ಉಸಿರು ಸಣ್ಣಗೆ ಎಳೆಯತೊಡಗಿತ್ತು. ನನಗೆ ಅಷ್ಟು ಹೆದರಿಕೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ಡಯಾಲಿಸಿಸ್ ಆದ ಮೇಲೆ ಅಪ್ಪ ಸುಧಾರಿಸಿಕೊಂಡರು, ಕಾಪುವಿಗೆ ಕರೆತಂದೆ. ಸಂಜೆ ಅಣ್ಣ ಕಾರ್ಕಳದಿಂದ ಬಂದ. ಟೈಮಿಂಗ್ ಬೆಲ್ಟ್ ಹರಿದು ಎಂಜಿನ್ ಹಾಳಾಗಿದೆ ಎಂಬ ಸುದ್ದಿ ಅಷ್ಟರಲ್ಲಿ ಮನೆಗೆ ತಲುಪಿತ್ತು.

"ಬೆಲ್ಟ್ ಬದಲಿಸಬೇಕು ಅಂತ ಗೊತ್ತಿತ್ತಲ್ವಾ? ಯಾರು ನೋಡಿಕೊಳ್ಳಬೇಕಿತ್ತು ಇದನ್ನು?" ಎಂದ.

ಅದು ಬದಲಿಸಿ ಆಗಿದೆ, ಆ ಈರಣ್ಣನೇ ಮೋಸ ಮಾಡಿದ್ದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನಾನು. ಮರೆತುಹೋಯಿತು" ಎಂದರು.

ಮರೆತುಹೋಯಿತಂತೆ! ನನ್ನ ಪೋಲಿಯೋ ಹನಿಯ ತಾರೀಕುಗಳನ್ನು ಇಂದಿಗೂ ಬಾಯಿಪಾಠ ಹೇಳುವವರು! ನಾನು "ಅತ್ತೆ..." ಎಂದೆ. "ನೀನು ಒಳಗೆ ಹೋಗು, ಹಾಲು ಉಕ್ಕುತ್ತದೆ" ಎಂದರು. ಒಲೆಯ ಮೇಲೆ ಹಾಲೇ ಇರಲಿಲ್ಲ. ನಾನು ತಿರುಗಿ ಬರುವಾಗ ಕೀ ಅಣ್ಣನ ಜೇಬಿನಲ್ಲಿತ್ತು. ಅತ್ತೆ ಬರಿಗೈಯಲ್ಲಿ ಕೂತಿದ್ದರು. ಆ ಕೈಗೆ ಏನು ಮಾಡಬೇಕೆಂದು ತೋಚದೆ ಸೀರೆಯ ಅಂಚನ್ನು ಮಡಚುವುದು, ಬಿಡಿಸುವುದು.

ನನ್ನ ಸಿಟ್ಟೆಲ್ಲ ಈರಣ್ಣನ ಮೇಲೆ ತಿರುಗಿತು. ಬೆಳಗಾಗುವುದನ್ನೇ ಕಾದು ಆದಿ ಉಡುಪಿಗೆ ಹೋಗಿ, ಗ್ಯಾರೇಜಿನ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು ಕೂಗಿದೆ: "ಮೂರು ವಾರದ ಹಿಂದೆ ಬೆಲ್ಟ್ ಬದಲಿಸಿದ್ದೇನೆ ಅಂದಿರಲ್ಲ, ಹಳೆಯದು ಎಲ್ಲಿ?"

"ಬದ್ಲಿ ಮಾಡೀನಿ ಅಂತ ಯಾವಾಗ ಹೇಳಿದ್ನಿರಿ? ಬೆಲ್ಟ್ ಆಗೇತಿ ಅಂತ ಹೇಳಿದ್ನಿ!"

"ಅದೇ ಅಲ್ವಾ? ಆಯಿತು ಅಂತ!"

ಈರಣ್ಣ ಸ್ಪ್ಯಾನರ್ ಕೆಳಗಿಟ್ಟರು. "ಮೇಡಮ್ಮಾರ, ಆಗೇತಿ ಅಂದ್ರ ಮುಗದೈತಿ ಅಂತ. ಮನ್ಯಾಗ ಸಕ್ಕರಿ ಆಗೇತಿ ಅಂದ್ರ ಡಬ್ಬಿ ತುಂಬೇತಿ ಅಂತೇನ್ರಿ? ನೀವು ಆಯಿತು ಅಂದ್ರಿ. ಹೊಸದು ಯಾವಾಗ ಹಾಕೂದು ಅಂತ ಟೀಚರಮ್ಮಾರು ಹೇಳ್ತಾರ ಅಂತ ನಾ ಕಾಯಾಕತ್ತಿದ್ನಿ."

ಬ್ಯಾಗಿನ ತಳದಿಂದ ಆ ಚೀಟಿ ಹುಡುಕಿ ಬಿಡಿಸಿದೆ. ಎಣ್ಣೆ. ಫಿಲ್ಟರ್. ಬೆಲ್ಟಿನ ಹೆಸರೇ ಇಲ್ಲ. ನಾವು ಮನೆಯಲ್ಲಿ ತುಳು ಮಾತಾಡಿ, ಕನ್ನಡವನ್ನು ಪುಸ್ತಕದಿಂದ ಕಲಿತವರು. ನಮ್ಮ ಪುಸ್ತಕದಲ್ಲಿ ಸಕ್ಕರೆ ಎಂದೂ 'ಆಗಿ'ರಲಿಲ್ಲ!

"ಟೀಚರಮ್ಮಾರಿಗೆ ನಿನ್ನೆ ರಸ್ತೆದಾಗ ಇದನ್ನ ಹೇಳೀನ್ರಿ" ಎಂದರು ಈರಣ್ಣ. "ಮನ್ಯಾಗ ಯಾರಿಗೂ ಹೇಳಬ್ಯಾಡ ಅಂದ್ರು. ನಿಮಗಂತೂ ಹೇಳಲೇಬ್ಯಾಡ ಅಂದ್ರು." ಆಮೇಲೆ ಹರಿದ ಬೆಲ್ಟನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಅವರು ಕೇಳ್ತಾರ, ಒಯ್ಯಿರಿ."

ಕಾಪುವಿನ ಬಸ್ಸಿನಲ್ಲಿ ಆ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತೆ. ಕೂರಲಾಗಲಿಲ್ಲ, ಎದ್ದು ನಿಂತೆ. ನಿಲ್ಲಲೂ ಆಗಲಿಲ್ಲ. ಅಪ್ಪನನ್ನು ಸಾವಿನ ಹತ್ತಿರ ಕರೆದುಕೊಂಡು ಹೋದವಳು ನಾನು, ಕೀ ಕೊಟ್ಟವರು ಅವರು.

ಅತ್ತೆ ಜಗಲಿಯಲ್ಲಿದ್ದರು. ಪೊಟ್ಟಣ ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಯಿತು.

"ಯಾಕೆ ಅತ್ತೆ ಸುಳ್ಳು ಹೇಳಿದಿರಿ?"

"ನೀನು ಅಂತ ಗೊತ್ತಾದರೆ ನಿನ್ನ ಅಣ್ಣ ಜನ್ಮ ಇಡೀ ಹೇಳುತ್ತಿದ್ದ. ಅವ ಬಿಟ್ಟರೂ ನೀನು ಬಿಡುತ್ತಿರಲಿಲ್ಲ. ನನ್ನದಾದರೆ ಎಂತ? ವಯಸ್ಸಾಯಿತು ಅಂತ ಬಿಡುತ್ತಾರೆ." ಆಮೇಲೆ ಈರಣ್ಣನ ದನಿಯಲ್ಲಿ, "ಟೀಚರಮ್ಮಾರು ಆಗೇತ್ರಿ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಸಿಕೊಂಡೆ, ಚೆನ್ನಾಗಿಯೇ ಬೈದ. ಆದರೆ ಮರುದಿನ ಬಂದು ಕೀಯನ್ನು ಅತ್ತೆಯ ಕೈಯಲ್ಲಿ ಇಟ್ಟ. ಅತ್ತೆ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇದು ನಮ್ಮದೇ ಕೀಯಲ್ವಾ?" ಎಂದರು!

ಅವನು ಹೋದ ಮೇಲೆ ಅತ್ತೆ ಬಿಸ್ಕತ್ತಿನ ಡಬ್ಬಿ ತೆಗೆದು ಹರಿದ ಬೆಲ್ಟನ್ನು ಸುರುಳಿ ಸುತ್ತಿ ಒಳಗಿಟ್ಟರು. ಚೀಟಿ ಬರೆಯಲು ಕೂತರು. ಎರಡು ದಿನದಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ.

"ಡಾಕ್ಟರ ಹತ್ತಿರವೂ ಹಳೆಯದು ಎಲ್ಲಿ ಅಂತ ಕೇಳುವವರು ನೀವು. ಅವತ್ತು ಬೆಲ್ಟ್ ಆಯಿತು ಅಂತ ನಾನು ಬಂದು ಹೇಳಿದಾಗ ಒಂದು ಮಾತು ಯಾಕೆ ಕೇಳಲಿಲ್ಲ?"

ಅತ್ತೆ ಚೀಟಿಯಿಂದ ತಲೆ ಎತ್ತಲಿಲ್ಲ.

"ಹೇಳಿದ್ದು ನೀನಲ್ವಾ? ಮತ್ತೆ ಎಂತ ಕೇಳುವುದು!"

ನಾನು ಒಳಗೆ ಹೋಗಿ, ಇಲ್ಲದ ಹಾಲನ್ನು ನೋಡುವ ನೆಪದಲ್ಲಿ ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಎಂಜಿನ್ ರಿಪೇರಿಯಾಗಿ ಕಾರು ಮತ್ತೆ ರಸ್ತೆಗಿಳಿದಿದೆ. ಈಗ ಕಾರಿನ ಕೆಲಸ ಏನಿದ್ದರೂ ನಾನೇ ಮಾಡಿಸಿಕೊಂಡು ಬರುತ್ತೇನೆ. ಅತ್ತೆ ಇಂದಿಗೂ ನನ್ನನ್ನು ಏನೂ ಕೇಳುವುದಿಲ್ಲ. ಪೇಪರಿನಲ್ಲಿ ಸುತ್ತಿದ ಹಳೆಯದನ್ನು ನಾನೇ ಅವರ ಮುಂದೆ ಬಿಚ್ಚಿಡುತ್ತೇನೆ.