ನೀರಿಗಿಳಿಯದ ದೋಣಿ

ನನಗೆ ಸಿಟ್ಟು ಬರಿಸಲು ಬೈಯಬೇಕಾಗಿಲ್ಲ. ‘ಎಲ್ಲಾ ರೆಡಿ ಅದರಿ ಸರ್’ ಎಂದರೆ ಸಾಕು. ಆಳಂದದಲ್ಲಿ ಮಾಸ್ತರನಾಗಿ ನಿವೃತ್ತನಾದ ನನ್ನನ್ನು, ಭೀಮಾ ನದಿಯ ಪ್ರವಾಹಕ್ಕೆ ಆಡಳಿತ ಎಷ್ಟು ಸಜ್ಜಾಗಿದೆ ಎಂದು ಪರೀಕ್ಷಿಸುವ ಸ್ವತಂತ್ರ ಸಮಿತಿಗೆ ಸೇರಿಸಿಕೊಂಡರು. ಸ್ವತಂತ್ರ ಎಂದರೆ ನಾವು ಯಾರಿಗೂ ಹೆದರಬೇಕಾಗಿಲ್ಲ. ಹೆಂಡತಿಯ ಪ್ರಕಾರ, ನಮಗೂ ಯಾರೂ ಹೆದರಬೇಕಾಗಿಲ್ಲ.

ಮಳೆಗಾಲಕ್ಕೆ ಮುಂಚೆ ಅಫಜಲಪುರದ ಕಡೆ ನದಿ ದಂಡೆಗೆ ಹೋದೆವು. ದೋಣಿಯ ಉಸ್ತುವಾರಿ ಅಧಿಕಾರಿ ಶಾಮಿಯಾನ ಹಾಕಿಸಿ, ನಮಗೆ ಶಾಲು ಹೊದಿಸಿ, ಸೂಸಲಾ ಮಿರ್ಚಿ ತಿನ್ನಿಸಿದರು. ದೋಣಿಗೂ ಹೂವಿನ ಹಾರ! ನನ್ನ ಮೈ ಉರಿಯಿತು.

“ನೀರಿಗೆ ಇಳಿಸ್ರಿ” ಎಂದೆ.

“ಯಾಕ್ರಿ ಸರ್, ಕಣ್ಣಿಗೆ ಕಾಣಾಕತ್ತದಲ್ರಿ?”

“ನೆರಿ ಬಂದಾಗ ಮಂದಿ ಹಾರ ನೋಡಿಕೋತ ಕೂಡಬೇಕೇನ್ರಿ?”

“ಹಂಗಾರ ನೀವ ಹತ್ರಿ” ಎಂದರು. ಸಿಟ್ಟಿನಲ್ಲಿರುವವನಿಗೆ ತನಗೆ ಈಜು ಬಾರದೆಂಬುದು ನೆನಪಿರುವುದಿಲ್ಲ. ಹತ್ತಿದೆ, ಅವರನ್ನೂ ಎಳೆದುಕೊಂಡೆ. ನಡುನೀರಿನಲ್ಲಿ ಎಂಜಿನ್ ಕೆಮ್ಮಿ ಸುಮ್ಮನಾಯಿತು. ತೊಟ್ಟ ಲೈಫ್ ಜಾಕೆಟ್ಟಿನ ಪಟ್ಟಿ ಕೈಗೇ ಕಿತ್ತು ಬಂತು. ದೋಣಿ ತಾನಾಗಿಯೇ ಹರಿವಿನ ಜೊತೆ ಕೆಳಗಿನ ಜೇವರ್ಗಿಯ ದಿಕ್ಕು ಹಿಡಿಯಿತು.

“ಮಂದಿ ಜೀವ ಅಂದ್ರ ಏನಂತ ತಿಳಿದೀರಿ?” ಎಂದು ಅರಚಿದೆ. ಅಧಿಕಾರಿ ನನ್ನ ಶಾಲನ್ನೇ ಗಟ್ಟಿಯಾಗಿ ಹಿಡಿದು, “ಒದರಬ್ಯಾಡ್ರಿ ಸರ್, ದೋಣಿ ಅಲ್ಲಾಡ್ತದ” ಎಂದರು. ಕೊನೆಗೆ ಮೀನುಗಾರರು ಹಗ್ಗ ಎಸೆದು ನಮ್ಮಿಬ್ಬರನ್ನೂ ದಡಕ್ಕೆ ಎಳೆದರು.

ನಮ್ಮ ಸಮಿತಿಯ ಅಧ್ಯಕ್ಷೆ ಗಂಗಾಬಾಯಿ ನಿವೃತ್ತ ನರ್ಸ್. ಆಕೆ ನನ್ನಂತೆ ಅರಚುವುದಿಲ್ಲ. ಮೇಲಧಿಕಾರಿಗಳ ಎದುರು ಕೂತು, “ಎಂಜಿನ್ ಬದಲಿ ಆಗೋತನಕ ನಾವು ಏಳಂಗಿಲ್ರಿ” ಎಂದರು. ಎದ್ದದ್ದು ಅದು ಬದಲಾಗುತ್ತದೆಂದು ಖಾತ್ರಿಯಾದ ಮೇಲೆಯೇ. ಆ ಮಳೆಗಾಲ ದಂಡೆಯ ಹಳ್ಳಿಯೊಂದಕ್ಕೆ ನೀರು ನುಗ್ಗಿದಾಗ ಅದೇ ದೋಣಿ ಬೆಳಗಿನಿಂದ ಓಡಾಡಿ ಜನರನ್ನು ಹೊರತಂದಿತು. ಒಬ್ಬ ಬಾಣಂತಿ ಕೂಸನ್ನು ಎದೆಗವಚಿಕೊಂಡು ಇಳಿದಳು. ಅವಳಿಗೆ ಕೈಕೊಟ್ಟು ಇಳಿಸಿದವರು ಅದೇ ಅಧಿಕಾರಿ. ದಂಡೆಯ ಮೇಲೆ ನಿಂತು ನೋಡುತ್ತಿದ್ದ ನಾನು ಅವತ್ತೊಂದು ದಿನ ಯಾರನ್ನೂ ಬೈಯಲಿಲ್ಲ.

ಮುಂದಿನ ಸಭೆಯಲ್ಲಿ ಇನ್ನುಳಿದ ಇಲಾಖೆಗಳ ಮೇಲೆ ಗುಡುಗಲು ಎದ್ದು ನಿಂತೆ. ಗಂಗಾಬಾಯಿ ಮೆಲ್ಲಗೆ, “ಕೂಡ್ರಿ ಮಾಸ್ತರ. ಮಂದೀನ್ನ ತಪಾಸ ಮಾಡೋರು ಮೊದಲ ನಮ್ಮನ್ನ ನಾವು ನೋಡಿಕೋಬೇಕಲ್ರಿ? ಈಜು ಬರದಿದ್ರೂ ದೋಣಿ ಹತ್ತಿದೋರು ಯಾರ್ರಿ?” ಎಂದರು. ಇಡೀ ಸಭೆ ನನ್ನತ್ತ ತಿರುಗಿತು.

ಹಾಗಾಗಿ ಈಗ ಖಜೂರಿಯಲ್ಲಿ, ಮಾವನವರ ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬ ಕಟ್ಟಿಕೊಂಡು ಒದ್ದಾಡುತ್ತಿದ್ದೇನೆ. ಮೆಟ್ಟಿಲ ಮೇಲೆ ಕುಳಿತ ಹೆಂಡತಿ ಕೂಗುತ್ತಾಳೆ: “ಕೈ ಬಡೀರಿ, ಬಾಯಲ್ಲ!”

ವಿಪರೀತ ಸಿಟ್ಟು ಬರುತ್ತದೆ. ಏನಾದರೂ ಅನ್ನೋಣವೆಂದರೆ, ಬಾಯಿ ತೆರೆದ ಕೂಡಲೇ ನೀರು ನುಗ್ಗುತ್ತದೆ.