ಕಡಿಮೆ ಕಾವಿನ ಹರಳು

ಕಲ್ಲಿನ ಜೊತೆ ಕೆಲಸ ಮಾಡೋರ ಬದುಕು ಸಪ್ಪೆ ಅಂತ ಯಾರು ಹೇಳಿದ್ದು? ವಡೋದರಾಕ್ಕೆ ವರ್ಗವಾಗಿ ಬಂದಮೇಲೆ ನಮ್ಮ ಪ್ರಯೋಗಾಲಯದಲ್ಲಿ ಏನಾದರೊಂದು ಎಡವಟ್ಟು ಆಗದ ವಾರವೇ ಇಲ್ಲ.

೧. ಫಾಫ್ಡಾ ವಾದ

ಮೊಬೈಲಿಗೆ, ಮೋಟಾರಿಗೆ ಬೇಕಾಗುವ ಅಪರೂಪದ ಲೋಹಗಳು ಗ್ರಾನೈಟಿನಲ್ಲಿ ಚೂರುಪಾರು ಇರುತ್ತವೆ. ಬಿರುಕಿನಲ್ಲಿ ಹರಿಯುವ ಬೆಚ್ಚನೆ ನೀರು ಅವನ್ನು ಕರಗಿಸಿಕೊಂಡು ಹೋಗಿ, ಕಾರ್ಬೊನೇಟ್ ಸಿಕ್ಕಲ್ಲಿ ಹರಳಾಗಿ ಕೂರಿಸುತ್ತೆ. ಅದಕ್ಕೆ ಕುಲುಮೆಯ ಶಾಖ ಬೇಡ ಅನ್ನೋದು ನನ್ನ ವಾದ. ನಮ್ಮ ಸಾಹೇಬರು ಸೂರತ್ತಿನವರು, ಸುತರಾಂ ಒಪ್ಪಲಿಲ್ಲ.

"ಎಣ್ಣೆ ಕಾಯದೆ ಕಡಲೆಹಿಟ್ಟಿನ ಫಾಫ್ಡಾ ಕರಿಯೋಕಾಗುತ್ತಾ, ಮೇಡಂ?"

"ಮೊಸರು ಹೆಪ್ಪಾಗೋಕೆ ಎಣ್ಣೆ ಕಾಯಿಸ್ತಾರಾ, ಸರ್?"

ಸಾಹೇಬರ ಮುಖ ಕೆಂಪಾಯಿತು. "ಪರಿಶೀಲನಾ ಸಮಿತಿ ಬರೋದರೊಳಗೆ ಹರಳು ತೋರಿಸಿ. ಇಲ್ಲಾಂದ್ರೆ ನಿಮ್ಮ ಯೋಜನೆ ಬಂದ್!"

ಬಿಡ್ತೀನಾ? ಗ್ರಾನೈಟ್ ಪುಡಿ, ಲೋಹ ಕರಗಿಸಿದ ನೀರು, ಚಿಟಿಕೆ ಕಾರ್ಬೊನೇಟ್ ಎಲ್ಲ ಡಬ್ಬಿಗೆ ಹಾಕಿ ಬಿಗಿದು, ಓವನ್ನಿನಲ್ಲಿ ಎಂಬತ್ತು ಡಿಗ್ರಿಗೆ ಇಟ್ಟೆ.

೨. ಮೆಂತ್ಯದ ಘಮ

ಒಂದು ಮಧ್ಯಾಹ್ನ ಪ್ರಯೋಗಾಲಯವೆಲ್ಲ ಮೆಂತ್ಯದ ಘಮ. ಓವನ್ ತೆರೆದರೆ ನನ್ನ ಡಬ್ಬಿಯ ಸುತ್ತ ಎಲ್ಲರ ಊಟದ ಡಬ್ಬಿಗಳು!

"ಏನ್ರೀ ಇದು?" ಅಂತ ಕೂಗಿದೆ.

"ಬೆನ್, ನಿಮ್ಮದು ಮುಟ್ಟಿಲ್ಲ. ಬರೀ ಮೆಂತ್ಯದ ಥೇಪ್ಲಾ ರೊಟ್ಟಿ ಇಟ್ಟಿದ್ದೀವಿ," ಅಂದರು ಅಕ್ಕ ಅನ್ನೋ ಬದಲು 'ಬೆನ್' ಅನ್ನುವ ಪಕ್ಕದ ಮೇಜಿನವರು.

ಆವತ್ತೇ ಓವನ್ನಿಗೆ ಬೀಗ ಜಡಿದೆ. ಮರುದಿನದಿಂದ ಎಲ್ಲರದ್ದೂ ಒಂದೇ ಪ್ರಶ್ನೆ: "ಬೆನ್, ನಿಮ್ಮ ಕಲ್ಲು ಬೇಯೋದು ಯಾವಾಗ? ನಮಗೆ ತಣ್ಣನೆ ಊಟ ಸಾಕಾಯ್ತು."

೩. ಅಡುಗೆಕಟ್ಟೆ

ಮೇಲಿನ ಮನೆಯ ಹುಬ್ಬಳ್ಳಿಯಾಕೆ ನನ್ನ ಪ್ರಯೋಗದ ಕಥೆ ಕೇಳಿ, "ಹಂಗಂದ್ರ ನಮ್ಮ ಅಡಗಿಕಟ್ಟಿ ಗ್ರಾನೈಟ್ನ್ಯಾಗೂ ಹರಳ ಆಗ್ತಾವೇನ್ರೀ?" ಅಂದರು.

"ಬಿಸಿನೀರು, ಸೋಡಾ, ಸಾವಿರಾರು ವರ್ಷ ತಾಳ್ಮೆ ಇದ್ದರೆ ನೋಡಬಹುದು," ಅಂತ ತಮಾಷೆ ಮಾಡಿದೆ.

ವಾರ ಬಿಟ್ಟು ಹೋದರೆ ಕಟ್ಟೆ ಫಳಫಳ. ದಿನಾ ಸೋಡಾ ಬೆರೆಸಿದ ಬಿಸಿನೀರು ಹುಯ್ಯುತ್ತಿದ್ದಾರೆ!

"ಹರಳು ಬಂತೇನ್ರೀ?"

"ಹರಳ ಬರ್ಲಿಲ್ರೀ, ಹ್ವಾದ ವರ್ಷದ ಜಿಡ್ಡು ಹೋತು. ನಿಮ್ಮ ವಿಜ್ಞಾನ ಭಾಳ ಚೊಲೊ ಐತಿ ಬಿಡ್ರಿ."

೪. ಸಮಿತಿ ಬಂತು

ಸಮಿತಿ ಬರುವ ಮುಂಚೆ ಡಬ್ಬಿ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಗ್ರಾನೈಟ್ ಕಣಗಳ ಮೇಲೆ ಪುಟ್ಟ ಪುಟ್ಟ ಸೂಜಿ ಹರಳುಗಳು! ಕುಣಿದುಬಿಡೋಣ ಅನ್ನಿಸಿತು.

ಸಮಿತಿಯ ಮುಂದೆ ಎದೆಯುಬ್ಬಿಸಿ ಹೇಳಿದೆ, "ಬರೀ ಎಂಬತ್ತು ಡಿಗ್ರಿಯಲ್ಲಿ ಆದದ್ದು."

ಸಾಹೇಬರು ಎದ್ದೇ ನಿಂತರು. "ಸುಳ್ಳು! ಎಂಬತ್ತು ಎಲ್ಲಿತ್ತು? ಕರೆಂಟು ದಂಡ ಅಂತ ದಿನಾ ಸಂಜೆ ಮನೆಗೆ ಹೋಗುವಾಗ ಗೋಡೆಯ ಸ್ವಿಚ್ ನಾನೇ ಆರಿಸ್ತಿದ್ದೆ. ಬೆಳಿಗ್ಗೆ ಬಂದು ಹಾಕ್ತಿದ್ದೆ!"

ಯೋಜನೆ ಮುಳುಗಿತು ಅಂದುಕೊಂಡೆ.

ಸಮಿತಿಯ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಅಂದರೆ, ಮೇಡಂ ಹೇಳಿದಷ್ಟು ಕಾವೂ ಬೇಕಾಗಲಿಲ್ಲ ಅಂತ ನೀವೇ ಸಾಕ್ಷಿ ಹೇಳ್ತಿದ್ದೀರಲ್ಲ?"

ಸಾಹೇಬರು ಕೂತುಬಿಟ್ಟರು. ಯೋಜನೆ ಉಳಿಯಿತು. ವರದಿಯ ಕೊನೆಗೆ ನಾನು ಬರೆದೆ: "ಪ್ರತಿ ಸಂಜೆ ತಪ್ಪದೆ ಕಾವು ಇಳಿಸಿ ಈ ಸಂಶೋಧನೆಗೆ ನೆರವಾದ ನಮ್ಮ ಸಾಹೇಬರಿಗೆ ಕೃತಜ್ಞತೆಗಳು."